ಸ್ಲೋ ಕುಕ್ಕರ್‌ನಲ್ಲಿ ಬೇಯಿಸಿದ ರಾಜ್ಮಾ ತಿಂದು ಮನೆಮಂದಿಗೆಲ್ಲಾ ವಾಂತಿ. ತಪ್ಪಾದದ್ದು ಎಲ್ಲಿ?

ಕಲಬುರಗಿ ಅಡುಗೆಮನೆ

ಎಲ್ಲರಿಗೂ ನಮಸ್ಕಾರ. ನಾನು ಮಾಡಿದ ಅಡುಗೆ ತಿಂದು ಮನೆಯವರೆಲ್ಲಾ ಒಂದು ರಾತ್ರಿ ಒದ್ದಾಡಿದರು. ಬೇರೆ ಯಾರ ಮನೆಯಲ್ಲೂ ಹೀಗಾಗಬಾರದು ಅಂತ ಇಲ್ಲಿ ಕೇಳುತ್ತಿದ್ದೇನೆ.

ಪುಣೆಯಲ್ಲಿರುವ ತಂಗಿ ದೀಪಾವಳಿಗೆ ಬಂದಾಗ ಒಂದು ಸ್ಲೋ ಕುಕ್ಕರ್ ತಂದುಕೊಟ್ಟಳು. ಕರೆಂಟಿನದು. ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಲೋ, ಹೈ ಅಂತ ಎರಡೇ ಉರಿ. ನಾನು ಬೆಳಿಗ್ಗೆ ಎಂಟೂವರೆಗೆ ಕೆಲಸಕ್ಕೆ ಹೋಗುತ್ತೇನೆ. ಹಗಲೆಲ್ಲಾ ಮನೆಯಲ್ಲಿ ಅತ್ತೆ ಒಬ್ಬರೇ. ಅವರಿಗೆ ಸೀಟಿ ಕುಕ್ಕರ್ ಅಂದರೆ ಭಯ. ಹಾಗಾಗಿ ಇದು ನಮಗೆ ತುಂಬಾ ಅನುಕೂಲ ಆಯಿತು. ತೊಗರಿಬೇಳೆ, ಹೆಸರುಕಾಳು ಎಷ್ಟು ಸಲ ಬೇಯಿಸಿದ್ದೇನೋ ಲೆಕ್ಕ ಇಲ್ಲ. ಒಂದು ದಿನವೂ ತೊಂದರೆ ಆಗಲಿಲ್ಲ.

ಹೋದ ಶುಕ್ರವಾರ ಮಗ ರಾಜ್ಮಾ ಬೇಕು ಅಂದ. ಗಂಜ್‌ನಿಂದ ಅರ್ಧ ಕಿಲೋ ಕೆಂಪು ರಾಜ್ಮಾ ತಂದು ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ನೆನೆಸಿದ ನೀರಿನ ಸಮೇತ ಸ್ಲೋ ಕುಕ್ಕರ್‌ಗೆ ಸುರಿದು, ಲೋ ಇಟ್ಟು ಹೋದೆ. ಸಂಜೆ ಬಂದು ನೋಡಿದರೆ ಮೇಲೆ ಸಿಪ್ಪೆ ಒಡೆದಿತ್ತು. ಒಂದು ಕಾಳು ಬಾಯಿಗೆ ಹಾಕಿಕೊಂಡೆ. ಹೊರಗೆ ಮೆತ್ತಗೆ, ನಡುವೆ ಸ್ವಲ್ಪ ಹಸಿ ಹಿಟ್ಟಿನ ಹಾಗೆ ಅನ್ನಿಸಿತು. ಮಕ್ಕಳು ಹಸಿವು ಅಂತಿದ್ದರು. ಮೇಲೆ ಒಗ್ಗರಣೆ ಸುರಿದು ಬಡಿಸಿಬಿಟ್ಟೆ.

ಎಂಟಕ್ಕೆ ಊಟ. ಹತ್ತಕ್ಕೆ ಮಗನಿಗೆ ವಾಂತಿ ಶುರು. ಆಮೇಲೆ ನನಗೆ, ಯಜಮಾನರಿಗೆ, ಅತ್ತೆಗೆ. ಮಗಳು ನಾಲ್ಕೇ ತುತ್ತು ತಿಂದಿದ್ದಳು, ಅವಳಿಗೂ ಬಿಡಲಿಲ್ಲ. ಡಾಕ್ಟರ್ ಫುಡ್ ಪಾಯಿಸನ್ ಅಂದರು. ಬೆಳಗಾಗುವಷ್ಟರಲ್ಲಿ ಎಲ್ಲರೂ ಸುಧಾರಿಸಿಕೊಂಡರು, ದೇವರು ದೊಡ್ಡವನು.

ಅಂಗಡಿಯವರು ಔಷಧಿ ಹೊಡೆದ ಕಾಳು ಕೊಟ್ಟರಾ? ಕುಕ್ಕರ್ ಕೆಟ್ಟಿದೆಯಾ? ಎಂಟು ತಾಸು ಬೆಂದ ಕಾಳು ಹೇಗೆ ಹಸಿ ಉಳಿಯುತ್ತದೆ?

ಬೀದರ್ ಸೊಸೆ

ಅಯ್ಯೋ ಅಕ್ಕಾ, ಈಗ ಅತ್ತೆಯವರು ಆರಾಮ ಇದ್ದಾರಾ? ವಯಸ್ಸಾದವರಿಗೆ ವಾಂತಿ ಆದರೆ ಬಹಳ ಸುಸ್ತಾಗುತ್ತದೆ.

ನೆನೆಸಿದ ನೀರು ಚೆಲ್ಲಲಿಲ್ಲ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲಿ ಯಾವ ಕಾಳಿನದ್ದೇ ಆಗಲಿ ನೆನೆಸಿದ ನೀರು ಒಲೆಗೆ ಹೋಗುವುದಿಲ್ಲ, ನೇರ ಗಿಡಕ್ಕೆ. ಹೊಟ್ಟೆ ಉಬ್ಬರ ಬರಿಸುವ ಅಂಶ ಆ ನೀರಿಗೆ ಇಳಿದಿರುತ್ತದೆ. ಆದರೆ ಬರೀ ಅದರಿಂದ ಐದು ಜನಕ್ಕೆ ಹೀಗೆ ಆಗುತ್ತದಾ? ನನಗೆ ಬೇರೇನೋ ಇದೆ ಅನ್ನಿಸುತ್ತದೆ.

ಯಾದಗಿರಿ ನರ್ಸಕ್ಕ

ಎಂಟಕ್ಕೆ ಊಟ, ಹತ್ತಕ್ಕೆ ವಾಂತಿ, ಬೆಳಗಾಗುವಷ್ಟರಲ್ಲಿ ಕಡಿಮೆ. ಈ ಲೆಕ್ಕ ನೋಡಿದರೆ ಅರೆಬೆಂದ ರಾಜ್ಮಾದ ಮೇಲೇ ನನ್ನ ಅನುಮಾನ. ಅದರಲ್ಲಿ ಒಂದರಿಂದ ಮೂರು ತಾಸಿನೊಳಗೆ ವಾಂತಿ ಶುರುವಾಗುತ್ತದೆ, ಆಮೇಲೆ ಭೇದಿ, ಹೊಟ್ಟೆನೋವು. ಸಾಮಾನ್ಯವಾಗಿ ಶುರುವಾದ ಮೂರು ನಾಲ್ಕು ತಾಸಿಗೆ ತಾನೇ ಇಳಿಯುತ್ತದೆ. ಹಸಿ ಕೆಂಪು ರಾಜ್ಮಾ ನಾಲ್ಕೈದು ಕಾಳು ಸಾಕು ಇಷ್ಟು ಮಾಡಲು. ಮಗಳಿಗೆ ನಾಲ್ಕು ತುತ್ತಿಗೇ ಆದದ್ದರಲ್ಲಿ ಆಶ್ಚರ್ಯ ಇಲ್ಲ.

ಹೀಗಾದಾಗ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸುತ್ತಾ ಇರಬೇಕು. ಮಗು ಉಚ್ಚೆ ಮಾಡುವುದು ಕಡಿಮೆಯಾದರೆ, ಕಣ್ಣು ಒಳಗೆ ಹೋದರೆ, ವಾಂತಿಯಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯಬೇಡಿ. ನೀವು ಡಾಕ್ಟರ್ ಹತ್ತಿರ ಹೋದದ್ದು ಸರಿಯಾಯಿತು ಅಕ್ಕಾ.

ಸೇಡಂ ಮಾಸ್ತರ್

ನರ್ಸಕ್ಕ ಹೇಳಿದ್ದು ಸರಿ. ಇದು ಅಂಗಡಿಯವರ ತಪ್ಪಲ್ಲ. ಔಷಧಿಯದೂ ಅಲ್ಲ. ಕಾಳಿನೊಳಗೇ ಇರುವ ವಿಷ.

ರಾಜ್ಮಾದಲ್ಲಿ ಫೈಟೋಹೀಮಾಗ್ಲುಟಿನಿನ್ ಅನ್ನುವ ಒಂದು ಪ್ರೋಟೀನ್ ಇದೆ. ಲೆಕ್ಟಿನ್ ಜಾತಿಯದು. ಹುಳ, ಹುಪ್ಪಡಿ ತಿನ್ನದಿರಲಿ ಅಂತ ಗಿಡ ಇಟ್ಟುಕೊಂಡ ಕಾವಲು. ನಮ್ಮ ಕರುಳಿನ ಒಳಪದರಕ್ಕೆ ಇದು ಅಂಟಿಕೊಂಡು ಕೆರಳಿಸುತ್ತದೆ. ಕೆಂಪು ರಾಜ್ಮಾದಲ್ಲಿ ಬಹಳ ಜಾಸ್ತಿ. ಬಿಳಿ ರಾಜ್ಮಾದಲ್ಲಿ ಅದರ ಮೂರನೇ ಒಂದು ಪಾಲಿನಷ್ಟು. ನೂರು ಡಿಗ್ರಿ ಶಾಖದಲ್ಲಿ ಕುದಿಸಿದರೆ ಹತ್ತು ನಿಮಿಷದಲ್ಲಿ ಇದು ಮುರಿದುಬೀಳುತ್ತದೆ. ಆದರೆ ಎಂಬತ್ತು ಡಿಗ್ರಿಯಲ್ಲಿ ಸುಮ್ನೆ ಬಿಸಿ ಮಾಡಿದರೆ ಮುರಿಯುವುದಿಲ್ಲ. ಹಾಗೆ ಅರೆಬೆಂದ ಕಾಳು ಹಸಿ ಕಾಳಿಗಿಂತ ಐದು ಪಟ್ಟಿನವರೆಗೆ ಜಾಸ್ತಿ ವಿಷ ಆಗಬಹುದು ಅಂತ ಅಮೆರಿಕದ ಆಹಾರ, ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ಸ್ಲೋ ಕುಕ್ಕರ್‌ನಲ್ಲಿ ಮಾಡಿದ ಅಡುಗೆಗಳನ್ನು ಅಳೆದು ನೋಡಿದಾಗ ಒಳಗಿನ ಬಿಸಿ 75 ಡಿಗ್ರಿ ದಾಟದೆ ಇದ್ದದ್ದೂ ಅವರ ದಾಖಲೆಯಲ್ಲಿದೆ.

ಅಕ್ಕನ ಪ್ರಶ್ನೆಗೆ ಉತ್ತರ ಇದೇ. ಎಷ್ಟು ತಾಸು ಅನ್ನುವುದಕ್ಕಿಂತ ಎಷ್ಟು ಬಿಸಿ ಅನ್ನುವುದು ಮುಖ್ಯ. ಎಂಟು ತಾಸು ಬೆಚ್ಚಗಿದ್ದರೂ ಕುದಿ ಬರದಿದ್ದರೆ ಆ ಪ್ರೋಟೀನ್ ಹಾಗೇ ಉಳಿಯುತ್ತದೆ.

ಆಳಂದ ತೊಗರಿ ಹೊಲ

ಮಾಸ್ತರೇ, ನಿಮ್ಮ ಮಾತು ತೆಗೆದುಹಾಕುತ್ತಿಲ್ಲ. ಆದರೆ ನನಗೊಂದು ಅನುಮಾನ. ನಮ್ಮ ಅವ್ವ ರಾತ್ರಿ ಗಡಿಗೆಯಲ್ಲಿ ಕಾಳು ಹಾಕಿ, ಒಲೆಯ ಕೆಂಡದ ಮೇಲೆ ಇಟ್ಟು ಮಲಗುತ್ತಿದ್ದಳು. ಬೆಳಿಗ್ಗೆ ಎದ್ದರೆ ಬೆಣ್ಣೆಯ ಹಾಗೆ ಬೆಂದಿರುತ್ತಿತ್ತು. ತೊಗರಿ ಕಟ್ಟಿಗೆಯ ಕೆಂಡ, ಅದರ ಮೇಲೆ ಬೂದಿ. ಅದೂ ಸ್ಲೋ ಕುಕ್ಕರೇ ಅಲ್ವಾ? ಹತ್ತು ಮಂದಿಯ ಮನೆ, ಒಬ್ಬರಿಗೂ ಒಂದು ದಿನ ಹೊಟ್ಟೆ ಕೆಡಲಿಲ್ಲ. ನಿಧಾನ ಬೇಯಿಸುವುದೇ ತಪ್ಪು ಅಂದರೆ ನಾನು ಒಪ್ಪುವುದಿಲ್ಲ.

ಹುಮನಾಬಾದ್ ಮೊಮ್ಮಗಳು

ಕಾಕಾ, ನಮ್ಮ ಆಯಿಯೂ ಹೀಗೇ ಮಾಡುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ, ಅದಕ್ಕೆ ಹೇಳುತ್ತೇನೆ.

ಆಯಿ ಮೊದಲು ಎಸರಿಡುತ್ತಿದ್ದಳು. ಗಡಿಗೆಯ ನೀರು ಕೊತಕೊತ ಕುದ್ದ ಮೇಲೆ ತೊಳೆದ ಕಾಳು ಹಾಕುವುದು. ಕಾಳು ಬಿದ್ದ ಕೂಡಲೇ ನೀರು ತಣ್ಣಗಾಗುತ್ತದಲ್ಲ, ಆಗ ಮತ್ತೆರಡು ಕಟ್ಟಿಗೆ ಒಳಗೆ ತಳ್ಳುತ್ತಿದ್ದಳು. ಮೇಲೆ ನೊರೆ ಬರುತ್ತಿತ್ತು. ಅದನ್ನು ಸೌಟಿನಿಂದ ತೆಗೆದು ಒಲೆಯ ಪಕ್ಕ ಚೆಲ್ಲುತ್ತಿದ್ದಳು. ನೊರೆ ನಿಲ್ಲುವ ತನಕ ಉರಿ ಇಳಿಸುತ್ತಿರಲಿಲ್ಲ. ನನಗೆ ನಿದ್ದೆ ಬಂದು "ಸಾಕೇಳ ಆಯಿ" ಅಂದರೆ, "ಕುದಿ ಹತ್ತಿದ ಮ್ಯಾಲೇ ಕೆಂಡ, ಕುದಿ ಇಲ್ಲದ ಕೆಂಡ ಕಾಳಿಗೆ ಆಗೂದಿಲ್ಲವ್ವಾ" ಅನ್ನುತ್ತಿದ್ದಳು. ಆಮೇಲೆ ಕಟ್ಟಿಗೆ ಹಿಂದೆ ಎಳೆದು, ಕೆಂಡ ಹರಡಿ, ಬೂದಿ ಮುಚ್ಚಿ, ಗಡಿಗೆಯ ಬಾಯಿಗೆ ತಾಟು ಇಟ್ಟು ಮೇಲೊಂದು ಕಲ್ಲು.

ನಿಮ್ಮ ಅವ್ವನೂ ಹೀಗೇ ಮಾಡುತ್ತಿದ್ದಿರಬೇಕು ಕಾಕಾ. ನೀವು ಬೆಳಿಗ್ಗೆ ಬೆಂದದ್ದು ನೋಡಿದ್ದೀರಿ, ರಾತ್ರಿಯ ಕುದಿ ನೋಡಿಲ್ಲ.

ಇನ್ನೊಂದು ಮಾತು. ಆಯಿಯ ಗಡಿಗೆಯಲ್ಲಿ ಬೇಯುತ್ತಿದ್ದದ್ದು ತೊಗರಿ, ಹುರುಳಿ, ಮಡಕಿ, ಅಲಸಂದಿ, ಕಡಲೆ. ರಾಜ್ಮಾ ನಾನು ಮೊದಲ ಸಲ ತಿಂದದ್ದೇ ಕಾಲೇಜಿಗೆ ಹೋದ ಮೇಲೆ.

ಆಳಂದ ತೊಗರಿ ಹೊಲ

ನೀ ಹೇಳಿದ್ದು ಖರೆ ಇರಬಹುದು ತಂಗಿ. ನಮ್ಮ ಅಕ್ಕನಿಗೆ ಇವತ್ತೇ ಫೋನ್ ಮಾಡಿ ಕೇಳುತ್ತೇನೆ. ಅವ್ವನ ಜೊತೆ ಅಡುಗೆಮನೆಯಲ್ಲಿ ಇದ್ದವಳು ಅವಳೇ.

ಸೇಡಂ ಮಾಸ್ತರ್

ರಾಜ್ಮಾ ಮೂಲದಲ್ಲಿ ಅಮೆರಿಕ ಖಂಡದ್ದು. ಮೆಕ್ಸಿಕೋ ಕಡೆ ಮತ್ತು ಆಂಡಿಸ್ ಬೆಟ್ಟಗಳ ಕಡೆ ಸಾವಿರಾರು ವರ್ಷಗಳ ಹಿಂದೆ ಪಳಗಿಸಿದ ಬೆಳೆ. ಅದಕ್ಕೇ ನಮ್ಮ ಅಜ್ಜಿಯರ ಅನುಭವವನ್ನು ನೇರ ರಾಜ್ಮಾಕ್ಕೆ ಹಚ್ಚಲು ಬರುವುದಿಲ್ಲ. ನಮ್ಮ ತೊಗರಿ, ಹೆಸರು, ಕಡಲೆಯಲ್ಲಿ ಈ ವಿಷದ ಕಾಟ ರಾಜ್ಮಾದಷ್ಟು ಇಲ್ಲ. ಆದರೂ ಆ ಆಯಿ ಪ್ರತಿ ಕಾಳಿಗೂ ಕುದಿ ಕೊಡುತ್ತಿದ್ದಳು ನೋಡಿ. ಆ ಪದ್ಧತಿಯಲ್ಲಿ ರಾಜ್ಮಾ ಹಾಕಿದ್ದರೂ ಯಾರಿಗೂ ಏನೂ ಆಗುತ್ತಿರಲಿಲ್ಲ.

ಸ್ಲೋ ಕುಕ್ಕರ್ ಹುಟ್ಟಿದ್ದೂ ಕಾಳಿನ ಅಡುಗೆಗೇ. ಅಮೆರಿಕದ ಅರ್ವಿಂಗ್ ನ್ಯಾಕ್ಸನ್ ಅನ್ನುವವರಿಗೆ 1940ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಲಿಥುವೇನಿಯಾದಲ್ಲಿ ಅವರ ಮನೆಯ ಹಿರಿಯರು ಶುಕ್ರವಾರ ಸಂಜೆ ಕಾಳು, ಮಾಂಸ ಹಾಕಿದ ಪಾತ್ರೆಯನ್ನು ಊರಿನ ಬೇಕರಿಗೆ ಒಯ್ದು ಕೊಡುತ್ತಿದ್ದರಂತೆ. ಬೇಕರಿಯ ಒಲೆಯ ಉಳಿದ ಬಿಸಿಯಲ್ಲಿ ರಾತ್ರಿಯಿಡೀ ಬೇಯುತ್ತಿತ್ತು. ಆ ಕಥೆ ಕೇಳಿಯೇ ಅವರು ಕರೆಂಟಿನ ಪಾತ್ರೆ ಮಾಡಿದ್ದು. ಅದರ ಹೆಸರೇ ನ್ಯಾಕ್ಸನ್ ಬೀನರಿ, ಅಂದರೆ ಕಾಳು ಬೇಯಿಸುವ ಪಾತ್ರೆ. 1970ರಲ್ಲಿ ಬೇರೆ ಕಂಪನಿ ಅದನ್ನು ಕೊಂಡು ಮರುವರ್ಷ ಕ್ರಾಕ್‌ಪಾಟ್ ಅಂತ ಮಾರಿತು. ನಮ್ಮ ಬೂದಿ ಮುಚ್ಚಿದ ಕೆಂಡ, ಅವರ ಬೇಕರಿ ಒಲೆ, ಎರಡೂ ಒಂದೇ ವಿದ್ಯೆ.

ಶಹಾಪುರ ಹುಡುಗ

ನಾನು ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೇನೆ. ಗ್ಯಾಸ್ ಇಲ್ಲ, ಒಂದು ಇಂಡಕ್ಷನ್ ಒಲೆ ಮಾತ್ರ. ಸ್ಲೋ ಕುಕ್ಕರ್ ಕೊಳ್ಳಬೇಕು ಅಂದುಕೊಂಡಿದ್ದೆ, ಇದನ್ನು ಓದಿ ಭಯ ಆಯಿತು. ಕೊಳ್ಳಲಾ ಬೇಡವಾ? ಕರೆಂಟ್ ಬಿಲ್ ಎಷ್ಟು ಬರುತ್ತದೆ? ಯಾವ ಕಾಳು ಹಾಕಬಹುದು?

ಬೀದರ್ ಸೊಸೆ

ಭಯ ಬೇಡ ತಮ್ಮಾ. ನಾನು ಮೂರು ವರ್ಷದಿಂದ ಇಟ್ಟುಕೊಂಡಿದ್ದೇನೆ. ನನ್ನ ಕುಕ್ಕರ್ ತಳದಲ್ಲಿ 180 ವ್ಯಾಟ್ ಅಂತ ಇದೆ. ಎಂಟು ತಾಸು ಬಿಡದೆ ಎಳೆದರೂ ಒಂದೂವರೆ ಯೂನಿಟ್ ಆಗುವುದಿಲ್ಲ.

ತೊಗರಿಬೇಳೆಗೆ ಇದರಷ್ಟು ಚೆಂದ ಇನ್ನೊಂದಿಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಗುರುತಿನ ಮಾನ್ಯತೆ ಸಿಕ್ಕಿತಲ್ಲ, ಆ ಬೇಳೆಯನ್ನು ಒಂದು ಸಲ ನಿಧಾನಕ್ಕೆ ಬೇಯಿಸಿ ನೋಡು. ಒಂದು ಲೋಟ ಬೇಳೆಗೆ ನಾಲ್ಕು ಲೋಟ ಕುದಿಯುವ ನೀರು, ಚಿಟಿಕೆ ಅರಿಶಿಣ, ಒಂದು ಚಮಚ ಎಣ್ಣೆ. ಹೈ ಇಟ್ಟರೆ ಮೂರು ನಾಲ್ಕು ತಾಸು. ಸೌಟು ಆಡಿಸಿದರೆ ಸಾಕು, ಕಡೆಯುವುದೇ ಬೇಡ.

ಹುರುಳಿ ನನ್ನ ಪ್ರೀತಿಯದು. ರಾತ್ರಿ ನೆನೆಸಿ, ಬೆಳಿಗ್ಗೆ ಬೇರೆ ನೀರಲ್ಲಿ ಒಂದು ಒಳ್ಳೆಯ ಕುದಿ ಕೊಟ್ಟು ಸ್ಲೋ ಕುಕ್ಕರ್‌ಗೆ. ಸಂಜೆಗೆ ಕಟ್ಟು ಎಷ್ಟು ಗಟ್ಟಿ ಇಳಿದಿರುತ್ತದೆ ಅಂದರೆ, ತಣ್ಣಗಾದ ಮೇಲೆ ಚಮಚ ಎತ್ತಿದರೆ ಹನಿ ತಡೆದು ತಡೆದು ಬೀಳುತ್ತದೆ. ಬಣ್ಣ ಕಬ್ಬಿನ ಬೆಲ್ಲದ ಹಾಗೆ. ಸೀಟಿ ಕುಕ್ಕರ್‌ನಲ್ಲಿ ನನಗೆ ಆ ರುಚಿ ಬಂದೇ ಇಲ್ಲ. ಬಿಸಿ ಜೋಳದ ರೊಟ್ಟಿ ಮುರಿದು ಆ ಸಾರಲ್ಲಿ ಹಾಕಿಕೊಂಡರೆ ಬೇರೆ ಏನೂ ಬೇಕಿಲ್ಲ.

ಮಡಕಿ ಕಾಳಿಗೆ ಮಾತ್ರ ಇದು ಬೇಡ. ಮೊಳಕೆ ಬಂದ ಮಡಕಿ ಒಲೆಯ ಮೇಲೆ ಹತ್ತು ಹದಿನೈದು ನಿಮಿಷಕ್ಕೆ ಬೇಯುತ್ತದೆ. ಸ್ಲೋ ಕುಕ್ಕರ್‌ನಲ್ಲಿ ಇಟ್ಟರೆ ಮುದ್ದೆ ಆಗಿ ಉಸಳಿಯ ಅಂದ ಹೋಗುತ್ತದೆ.

ರಾಜ್ಮಾ, ಒಣ ಅವರೆ, ಸೋಯಾ ಕಾಳು ಕುದಿಸದೆ ಹಾಕಲೇಬೇಡ. ನಿನ್ನ ಇಂಡಕ್ಷನ್ ಮೇಲೆ ಅರ್ಧ ತಾಸು ಕುದಿಸಿದರೆ ಆಯಿತು. ಪಿಂಗಾಣಿ ಪಾತ್ರೆಯನ್ನೇ ಒಲೆಯ ಮೇಲೆ ಇಡಬೇಡ, ಬಿರಿಯುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಕುದಿಸಿ ಇದಕ್ಕೆ ಸುರಿ.

ಕಲಬುರಗಿ ಅಡುಗೆಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಂಗಡಿಯವರ ಮೇಲೆ ಸುಮ್ನೆ ಅನುಮಾನ ಪಟ್ಟೆ, ಮನಸ್ಸಿಗೆ ಬೇಜಾರಾಯಿತು.

ಮಾಸ್ತರೇ, ಹೈ ಇಟ್ಟಿದ್ದರೆ ಸಾಕಿತ್ತಾ? ನನ್ನ ಕುಕ್ಕರ್ ಎಷ್ಟು ಬಿಸಿ ಆಗುತ್ತದೆ ಅಂತ ಮನೆಯಲ್ಲೇ ತಿಳಿಯಬಹುದಾ?

ಸೇಡಂ ಮಾಸ್ತರ್

ಹೈ ಅನ್ನು ನಂಬಿ ರಾಜ್ಮಾ ಹಾಕಬೇಡಿ ಅಕ್ಕಾ. ಅದು ಮೇಲೇರಲು ತಾಸುಗಟ್ಟಲೆ ಬೇಕು, ಒಂದೊಂದು ಕುಕ್ಕರ್ ಒಂದೊಂದು ಥರ. ಎಫ್‌ಡಿಎ ಹೇಳುವ ಕ್ರಮ ಇದು: ಕನಿಷ್ಠ ಐದು ತಾಸು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮೂವತ್ತು ನಿಮಿಷ ಕುದಿಸಿ. ಹತ್ತು ನಿಮಿಷಕ್ಕೇ ವಿಷ ಹೋಗುತ್ತದೆ, ಆದರೆ ಪ್ರತಿ ಕಾಳಿನ ಒಳಗೂ ಆ ಬಿಸಿ ಮುಟ್ಟಲಿ ಅಂತ ಮೂವತ್ತು. ಕುದಿ ಬಂದ ಮೇಲಿನಿಂದ ಲೆಕ್ಕ ಹಿಡಿಯಬೇಕು, ಒಲೆ ಹಚ್ಚಿದಾಗಿನಿಂದ ಅಲ್ಲ. ಬೀದರ್ ನಮಗಿಂತ ಎತ್ತರದಲ್ಲಿದೆ. ಅಲ್ಲಿ ನೀರು ನೂರಕ್ಕಿಂತ ಸುಮಾರು ಎರಡು ಡಿಗ್ರಿ ಕಡಿಮೆಯಲ್ಲೇ ಕುದಿಯುತ್ತದೆ. ಅದಕ್ಕೂ ಈ ಮೂವತ್ತು ನಿಮಿಷ ಒಳ್ಳೆಯದೇ.

ಕುಕ್ಕರ್ ಪರೀಕ್ಷೆ ಸುಲಭ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತಣ್ಣೀರು ತುಂಬಿ ಲೋ ಮೇಲೆ ಎಂಟು ತಾಸು ಬಿಡಿ. ಮುಚ್ಚಳ ತೆಗೆದ ಕೂಡಲೇ ಥರ್ಮಾಮೀಟರ್ ಇಳಿಸಿ. 85 ಡಿಗ್ರಿಯಾದರೂ ತೋರಿಸಬೇಕು. ಜ್ವರ ನೋಡುವ ಥರ್ಮಾಮೀಟರ್ ಇಳಿಸಬೇಡಿ, ಒಡೆಯುತ್ತದೆ.

ಯಾದಗಿರಿ ನರ್ಸಕ್ಕ

ಕರೆಂಟ್ ಹೋಗುವ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಾಗದು. ನೀವು ಕೆಲಸದಲ್ಲಿ ಇದ್ದಾಗ ಎರಡು ಮೂರು ತಾಸು ಹೋಗಿ ಮತ್ತೆ ಬಂದರೆ ಸಂಜೆ ನೋಡುವಾಗ ಏನೂ ಗೊತ್ತಾಗುವುದಿಲ್ಲ. ಅಷ್ಟು ಹೊತ್ತು ಉಗುರುಬೆಚ್ಚಗೆ ನಿಂತ ಕಾಳಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವು ಬಿಡುವ ಕೆಲವು ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಅತ್ತೆಯವರಿಗೆ ಹೇಳಿಡಿ, ಕರೆಂಟ್ ಹೋದರೆ ಟೈಮ್ ನೋಡಿಟ್ಟುಕೊಳ್ಳಲಿ. ಎರಡು ತಾಸು ದಾಟಿದರೆ ಎಮ್ಮೆಗೂ ಹಾಕಬೇಡಿ, ಚೆಲ್ಲಿ.

ನೆನೆಸುವುದರಲ್ಲೂ ಹಾಗೇ. ಏಪ್ರಿಲ್, ಮೇ ಬಿಸಿಲಲ್ಲಿ ರಾತ್ರಿಯೂ ಅಡುಗೆಮನೆ ಕಾದಿರುತ್ತದೆ. ಬೆಳಗಾಗುವಷ್ಟರಲ್ಲಿ ನೀರು ನೊರೆ ಕಟ್ಟಿ ಹುಳಿ ವಾಸನೆ ಬಂದಿರುತ್ತದೆ. ನಾನು ಫ್ರಿಜ್‌ನಲ್ಲೇ ನೆನೆಸುತ್ತೇನೆ.

ಶಹಾಪುರ ಹುಡುಗ

ಇನ್ನೊಂದು ಪ್ರಶ್ನೆ. ಇಂಡಕ್ಷನ್ ಮೇಲೆ ಅರ್ಧ ತಾಸು ಕುದಿಸಿದ ಕಡಲೆಯೂ ನಮ್ಮ ರೂಮಿನಲ್ಲಿ ಬೇಯುವುದಿಲ್ಲ. ಬೋರ್ ನೀರು. ಬಕೆಟ್ ಸುತ್ತ ಬಿಳಿ ಗೆರೆ ಕಟ್ಟುತ್ತದೆ. ಇದಕ್ಕೆ ಏನು ಮಾಡಬೇಕು?

ಹುಮನಾಬಾದ್ ಮೊಮ್ಮಗಳು

ಆ ಬಿಳಿ ಗೆರೆಯೇ ಕಾರಣ ತಮ್ಮಾ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನ ಸಿಪ್ಪೆಯಲ್ಲಿರುವ ಪೆಕ್ಟಿನ್ ಅನ್ನುವ ನಾರಿನಂಶಕ್ಕೆ ಅಂಟಿ ಅದನ್ನು ಬಿಗಿ ಮಾಡುತ್ತವೆ. ಕುಡಿಯಲು ತರುವ ಫಿಲ್ಟರ್ ನೀರಲ್ಲೇ ಬೇಯಿಸು. ನೆನೆಸುವ ನೀರಿಗೆ ಲೀಟರ್‌ಗೆ ಒಂದು ದೊಡ್ಡ ಚಮಚ ಉಪ್ಪು ಹಾಕು. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅನ್ನುತ್ತಾರೆ, ನೆನೆಸುವಾಗ ಅದು ಉಲ್ಟಾ, ಸಿಪ್ಪೆ ಮೆತ್ತಗಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಅರ್ಧ ಕಿಲೋಗೆ ಕಾಲು ಚಮಚ ಅಡುಗೆ ಸೋಡಾ. ಜಾಸ್ತಿ ಬಿದ್ದರೆ ಸೋಪಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ಹಾಳು.

ಹುಣಸೆಹುಳಿ, ಟೊಮೇಟೊ, ಬೆಲ್ಲ ಪೂರ್ತಿ ಬೆಂದ ಮೇಲೇ ಹಾಕು. ಮೊದಲೇ ಹಾಕಿದರೆ ಕಾಳು ಹಟ ಹಿಡಿಯುತ್ತದೆ.

ಆಳಂದ ತೊಗರಿ ಹೊಲ

ನೀರಿನ ಮಾತು ಸರಿ. ಆದರೆ ಕಾಳಿನ ವಯಸ್ಸೂ ನೋಡಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ತಗಡಿನ ಮನೆಯೊಳಗೆ ಚೀಲ ಇಟ್ಟರೆ ಒಲೆಯಲ್ಲಿ ಇಟ್ಟ ಹಾಗೆ. ಬಿಸಿಲು, ಮಳೆಯ ತೇವ ಎರಡೂ ತಿಂದ ಕಾಳು ಎಷ್ಟು ಬೇಯಿಸಿದರೂ ಬೇಯುವುದಿಲ್ಲ. ಕೊಳ್ಳುವಾಗ ಒಂದು ಹಿಡಿ ಕೈಯಲ್ಲಿ ಹಿಡಿದು ನೋಡಿ. ಹೊಸ ಕಾಳು ಮಿಂಚುತ್ತದೆ, ಮೈ ತುಂಬಿಕೊಂಡಿರುತ್ತದೆ. ಹಳೆಯದು ಮಂಕು, ಸಿಪ್ಪೆ ಸುಕ್ಕು. ತೊಗರಿ ನಮ್ಮಲ್ಲಿ ಡಿಸೆಂಬರ್, ಜನವರಿಗೆ ಕೊಯ್ಲು. ಆಮೇಲೆ ಕೊಂಡು ವರ್ಷದೊಳಗೆ ತಿಂದುಬಿಡಬೇಕು.

ಮತ್ತೆ, ಅಕ್ಕನಿಗೆ ಫೋನ್ ಮಾಡಿದೆ. ತಂಗಿ ಹೇಳಿದ್ದೇ ಖರೆ. ಅವ್ವ ಕುದಿ ಬರಿಸಿ, ಒಂದು ಕಾಳು ತೆಗೆದು ಹೆಬ್ಬೆರಳಿನಿಂದ ಹಿಸುಕಿ ನೋಡಿ, ಆಮೇಲೇ ಕೆಂಡಕ್ಕೆ ಇಡುತ್ತಿದ್ದಳಂತೆ. "ನೀ ಅಷ್ಟೊತ್ತಿಗೆ ಮಲಗಿರ್ತಿದ್ದಿ" ಅಂದಳು ಅಕ್ಕ. ಐವತ್ತು ವರ್ಷ ಆ ಕಾಳು ತಿಂದರೂ ನನಗೆ ಇದು ಗೊತ್ತಿರಲಿಲ್ಲ.

ಕಲಬುರಗಿ ಅಡುಗೆಮನೆ

ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ಮೈದುನ ಹಾಲಿನ ಡೈರಿಯಲ್ಲಿ ಇದ್ದಾನೆ. ಅವನ ಹತ್ತಿರ ಥರ್ಮಾಮೀಟರ್ ಕೇಳಿ ತಂದೆ. ಭಾನುವಾರ ಬೆಳಿಗ್ಗೆ ತಣ್ಣೀರು ತುಂಬಿ ಲೋ ಇಟ್ಟೆ. ಮಾಸ್ತರು ಹೇಳಿದ ಹಾಗೆ ಎಂಟು ತಾಸು ಮುಚ್ಚಳ ಮುಟ್ಟಲಿಲ್ಲ. ತೆಗೆದ ಕೂಡಲೇ ಇಳಿಸಿದರೆ 79 ಡಿಗ್ರಿ. ಬರೀ ನೀರೇ ಇಷ್ಟು. ಕಾಳು ತುಂಬಿದಾಗ ನಡುವೆ ಎಷ್ಟಿತ್ತೋ. ಆ ಶನಿವಾರ ಮಕ್ಕಳ ತಟ್ಟೆಗೆ ಏನು ಬಡಿಸಿದೆ ಅಂತ ಆಗ ಅರ್ಥವಾಯಿತು. ಮರುದಿನ ಹೈ ನೋಡಿದೆ, 93 ಬಂತು. ಲೋ ಗುಂಡಿಯ ಮೇಲೆ ಟೇಪ್ ಹಚ್ಚಿಬಿಟ್ಟಿದ್ದೇನೆ.

ನಿನ್ನೆ ಮತ್ತೆ ರಾಜ್ಮಾ ಮಾಡಿದೆ. ಫ್ರಿಜ್‌ನಲ್ಲಿ ಉಪ್ಪುನೀರಲ್ಲಿ ನೆನೆಸಿದ್ದೆ. ಬೆಳಿಗ್ಗೆ ಉಬ್ಬದೆ ಹಾಗೇ ಉಳಿದ ಆರೇಳು ಕಾಳು ಆರಿಸಿ ಬಿಸಾಡಿದೆ. ನೀರು ಚೆಲ್ಲಿ, ತೊಳೆದು, ದೊಡ್ಡ ಪಾತ್ರೆಯಲ್ಲಿ ಹೊಸ ನೀರಿಟ್ಟೆ. ಕುದಿ ಬಂದ ಮೇಲೆ ಮೊಬೈಲ್‌ನಲ್ಲಿ ಮೂವತ್ತು ನಿಮಿಷ. ಕಂದು ನೊರೆ ಮೇಲೆ ಬಂತು. ಅತ್ತೆ ತಾವೇ ಸೌಟು ತಗೊಂಡು ನಿಂತರು. "ನಮ್ಮ ತವರಿನಾಗೂ ನೊರಿ ತೆಗಿದ ಬಿಡತಿರಲಿಲ್ಲ" ಅಂದರು. ಹದಿನೈದು ವರ್ಷದಲ್ಲಿ ಅವರು ಇದನ್ನು ಹೇಳಿದ್ದು ಇದೇ ಮೊದಲು, ನಾನು ಕೇಳಿಯೂ ಇರಲಿಲ್ಲ. ಆ ನೀರನ್ನೂ ಚೆಲ್ಲಿ, ಬಿಸಿನೀರು ಹಾಕಿ ಸ್ಲೋ ಕುಕ್ಕರ್‌ಗೆ ಸುರಿದು ಹೈ ಇಟ್ಟು ಹೋದೆ.

ಸಂಜೆ ಬಂದು ಚಮಚದಲ್ಲಿ ನಾಲ್ಕು ಕಾಳು ತೆಗೆದು ಊದಿದೆ. ಸಿಪ್ಪೆ ಸುರುಳಿ ಸುತ್ತಿಕೊಂಡು ಎದ್ದಿತು. ಹೆಬ್ಬೆರಳಿಂದ ಒತ್ತಿದರೆ ನಡುವಿನವರೆಗೂ ಒಂದೇ ಬಣ್ಣ, ಬಿಳಿ ಚುಕ್ಕೆ ಇರಲಿಲ್ಲ. ಆಮೇಲೇ ಈರುಳ್ಳಿ, ಟೊಮೇಟೊ ಹುರಿದು ಹಾಕಿ ಹತ್ತು ನಿಮಿಷ ಒಲೆಯ ಮೇಲೆ ಕುದಿಸಿದೆ.

ಮೊದಲು ನಾನೊಬ್ಬಳೇ ಒಂದು ಬಟ್ಟಲು ತಿಂದು ಮೂರು ತಾಸು ಕಾದೆ. ಮಕ್ಕಳಿಗೆ ರಾತ್ರಿ ಮೊಸರನ್ನ ಕೊಟ್ಟು, ರಾಜ್ಮಾ ಫ್ರಿಜ್‌ನಲ್ಲಿಟ್ಟೆ. ಇವತ್ತು ಮಧ್ಯಾಹ್ನ ಕುದಿಯುವ ಹಾಗೆ ಬಿಸಿ ಮಾಡಿ ಬಡಿಸಿದೆ. ಮಗ ಎರಡು ಸಲ ಹಾಕಿಸಿಕೊಂಡ. ಮಗಳು ಇನ್ನೂ ಮುಟ್ಟುತ್ತಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಶಹಾಪುರ ಹುಡುಗ

ಅಕ್ಕಾ, ನಾನು ಕೊಂಡೆ. ನಾಳೆ ಹುರುಳಿ. ನೆನೆಸಿಟ್ಟಿದ್ದೇನೆ.

ಬೀದರ್ ಸೊಸೆ

ನೀರು ಚೆಲ್ಲುವುದು ಮರೆಯಬೇಡ ತಮ್ಮಾ. ಮುಚ್ಚಳ ಪದೇ ಪದೇ ತೆಗೆಯಬೇಡ, ಒಂದು ಸಲ ತೆಗೆದರೆ ಅರ್ಧ ತಾಸು ಹಿಂದೆ ಬೀಳುತ್ತದೆ. ಕಟ್ಟು ಹೇಗೆ ಬಂತು ಅಂತ ಬರೆ.